ಮರದ ಮೆಟ್ಟಿಲಿನ ಮನೆಯಲ್ಲಿ ಕೊಲೆ ಮಾಡಿದ್ದು ವಕೀಲನೇ

ಶ್ವೇತಾ, ಪ್ರಣವ, ‘ನಿಮ್ಮ ಅಜ್ಜಿಗೆ ಸಿನಿಮಾ ಎಂದರೆ ಪ್ರಾಣ’ ಎಂದು ಯಾರಾದರೂ ನಿಮ್ಮ ಹತ್ತಿರ ಹೇಳಿದರೆ ಪೂರ್ತಿ ನಂಬಬೇಡಿ, ಮಕ್ಕಳೇ. ಈ ಅರವತ್ತೊಂದು ವರ್ಷಗಳಲ್ಲಿ ನಾನು ಥಿಯೇಟರಿಗೆ ಹೋಗಿ ನೋಡಿದ್ದು ಹೆಚ್ಚೆಂದರೆ ಮೂವತ್ತು ಸಿನಿಮಾ. ಆ ಮೂವತ್ತರಲ್ಲಿ ಒಂದರ ಕೊನೆಯನ್ನೂ ಅಲ್ಲಿ ಕೂತು ಕಣ್ಣಾರೆ ಕಂಡವಳಲ್ಲ. ಇಂಥವಳು ಸಿನಿಮಾದ ಬಗ್ಗೆ, ಅದರಲ್ಲೂ ಕೊನೆಯಲ್ಲೇ ಜೀವ ಇರುವ ರಹಸ್ಯದ ಸಿನಿಮಾಗಳ ಬಗ್ಗೆ ಬರೆಯಲು ಕೂತಿದ್ದಾಳೆ ಎಂದರೆ ನಗು ಬರಬಹುದು. ನಕ್ಕುಬಿಡಿ, ನನಗೂ ಬರುತ್ತಿದೆ. ಕೆಲವರಿಗೆ ಯಾವುದನ್ನಾದರೂ ನಡುವೆ ಬಿಟ್ಟು ಏಳುವುದು ಸುಲಭ. ಊಟದ ಕೊನೆಗೆ ಮಜ್ಜಿಗೆ ಇಲ್ಲದಿದ್ದರೂ ಹೋಗಿ ಕೈ ತೊಳೆಯುತ್ತಾರೆ. ನಾನು ಹಾಗಲ್ಲ. ಜಡೆ ಹೆಣೆಯುವಾಗ ಯಾರಾದರೂ ಕರೆದರೆ ತುದಿಗೆ ರಿಬ್ಬನ್ ಕಟ್ಟಿಯೇ ಓ ಎನ್ನುವವಳು. ಅಂಥವಳ ಹಣೆಯಲ್ಲಿ ದೇವರು ಮೂವತ್ತು ಬಾಲವಿಲ್ಲದ ಸಿನಿಮಾಗಳನ್ನು ಬರೆದಿದ್ದ.

ಅದಕ್ಕೆ ಕಾರಣ ನಿಮ್ಮ ಅಜ್ಜನ ಕೈಗಡಿಯಾರ. ಅಜ್ಜ ಠಾಣೆಯ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತರು. ನಾವು ಆಗಲೂ ಡೊಂಬಿವಲಿಯ ಇದೇ ಬಿಲ್ಡಿಂಗಿನಲ್ಲಿ, ಇದೇ ಎರಡು ಕೋಣೆಗಳಲ್ಲಿ ಇದ್ದೆವು. ಠಾಣೆಯ ಒಂದು ಥಿಯೇಟರಿನಲ್ಲಿ ಕೆಲವು ರವಿವಾರ ಬೆಳಿಗ್ಗೆ ಕನ್ನಡ ಸಿನಿಮಾ ಹಾಕುತ್ತಿದ್ದರು. ಹೋಗುವಾಗ ತೊಂದರೆ ಇರಲಿಲ್ಲ. ಬರುವಾಗಲೇ ಗ್ರಹಚಾರ. ರವಿವಾರ ಮಧ್ಯಾಹ್ನ ಹಳಿ ರಿಪೇರಿಗೆಂದು ಗಾಡಿಗಳನ್ನು ನಿಲ್ಲಿಸುತ್ತಿದ್ದರು. ಈಗ ನೀವು ಮೆಗಾಬ್ಲಾಕ್ ಎನ್ನುತ್ತೀರಲ್ಲ, ಅದೇ. ಅದಕ್ಕೆ ಮೊದಲಿನ ಕಲ್ಯಾಣ ಲೋಕಲ್ ತಪ್ಪಿದರೆ ತಾಸುಗಟ್ಟಲೆ ಪ್ಲಾಟ್‌ಫಾರ್ಮಿನಲ್ಲಿ ಕೂರಬೇಕು. ಸಿಕ್ಕಿದರೂ, ಥಿಯೇಟರಿನ ಜನವೆಲ್ಲ ಅದೇ ಡಬ್ಬಿಗೆ ನುಗ್ಗಿದರೆ ನಿಮ್ಮ ಅಪ್ಪನನ್ನು ಕಂಕುಳಲ್ಲಿಟ್ಟುಕೊಂಡು ನಾನು ಹತ್ತುವುದು ಹೇಗೆ? ಹಾಗಾಗಿ ಪರದೆಯ ಮೇಲೆ ಪೊಲೀಸ್ ಜೀಪು ಮನೆಯ ಕಡೆ ತಿರುಗುತ್ತಿದ್ದ ಹಾಗೆ ಅಜ್ಜ ಗಡಿಯಾರ ನೋಡಿ ‘ಏಳು’ ಎನ್ನುತ್ತಿದ್ದರು. ನಾನು ಹಿಂದೆ ಹಿಂದೆ ನೋಡುತ್ತಾ, ಕತ್ತಲಲ್ಲಿ ಜನರ ಕಾಲು ತುಳಿಯುತ್ತಾ ಹೊರಗೆ ಬರುತ್ತಿದ್ದೆ. ನಾನೊಬ್ಬಳೇ ಅಲ್ಲ, ಡೊಂಬಿವಲಿ, ಠಾಕುರ್ಲಿ, ಕಲ್ಯಾಣದ ಕಡೆಯವರೆಲ್ಲ ಅದೇ ಹೊತ್ತಿಗೆ ಏಳುತ್ತಿದ್ದರು. ಆ ಕಾಲದಲ್ಲಿ ಠಾಣೆಯಿಂದ ಆಚೆಗೆ ಮನೆ ಇದ್ದ ಕನ್ನಡತಿಯರಿಗೆ ಕೊಲೆಗಾರರ ಪರಿಚಯವೇ ಇರಲಿಲ್ಲ.

ಕೊನೆ ಸಿಗುತ್ತಿದ್ದುದು ಸೋಮವಾರ ಸಂಜೆ. ಅಜ್ಜನ ಆಫೀಸಿನಲ್ಲಿ ಠಾಣೆಯಲ್ಲೇ ಮನೆ ಇದ್ದವರು ಕೆಲವರಿದ್ದರು. ಪರದೆ ಬೀಳುವವರೆಗೆ ಕೂತು ನೋಡುವ ಪುಣ್ಯವಂತರು. ಅವರನ್ನು ಕೇಳಿಕೊಂಡು ಬಂದು ನನಗೆ ಹೇಳಬೇಕು ಎನ್ನುವುದು ನಮ್ಮ ಒಪ್ಪಂದ. ಸೋಮವಾರ ನನ್ನ ಕೈ ಕೆಲಸದ ಮೇಲೆ ನಿಲ್ಲುತ್ತಿರಲಿಲ್ಲ. ಒಮ್ಮೆ ಸಾರಿಗೆ ಎರಡು ಸಲ ಉಪ್ಪು ಹಾಕಿ, ‘ಕೊಂದವನು ಯಾರೋ, ಸತ್ತವಳು ಮಾತ್ರ ನಾನು’ ಎಂದುಕೊಂಡಿದ್ದೆ. ಅಜ್ಜ ಬಂದು, ಕಾಲು ತೊಳೆದು, ಚಹಾ ಕುಡಿದು ಲೋಟ ಕೆಳಗಿಡುವವರೆಗೆ ಒಂದಕ್ಷರ ಹೇಳುತ್ತಿರಲಿಲ್ಲ. ಆಮೇಲೆ ಎದ್ದು ನಿಲ್ಲುವರು. ಇನ್‌ಸ್ಪೆಕ್ಟರ್ ಅವರೇ, ಕೊಲೆಗಾರನೂ ಅವರೇ, ಲಟ್ಟಣಿಗೆಯೇ ಪಿಸ್ತೂಲು. ಹೆಣವಾಗಲು ಮಾತ್ರ ನಿಮ್ಮ ಅಪ್ಪ ಬೇಕು. ನಗು ತಡೆಯಲಾರದೆ ಹೊಟ್ಟೆ ಕುಣಿಸುವ ಹೆಣ. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತು ಬಾಯಿಗೆ ಸೆರಗು ಇಟ್ಟುಕೊಂಡು ನೋಡುತ್ತಿದ್ದೆ. ಅವರ ಸಿನಿಮಾಗಳಲ್ಲಿ ಕೊಲೆಗಾರ ಒಮ್ಮೆ ಡಾಕ್ಟರು, ಒಮ್ಮೆ ಮ್ಯಾನೇಜರು, ಒಮ್ಮೆ ಜಮೀನ್ದಾರ. ಗುಮಾಸ್ತರು ಮಾತ್ರ ಒಂದು ಸಿನಿಮಾದಲ್ಲೂ ಯಾರನ್ನೂ ಕೊಂದದ್ದಿಲ್ಲ. ಇದರಲ್ಲಿ ಏನೋ ಇದೆ ಎಂದು ನನಗೆ ಆಗ ಹೊಳೆಯಲಿಲ್ಲ.

ನನಗೆ ಸಿನಿಮಾಗಳ ಹೆಸರು ನೆನಪಿರುವುದಿಲ್ಲ, ಅದರೊಳಗಿನ ಮನೆಗಳು ನೆನಪಿರುತ್ತವೆ. ಕೆರೆ ಪಕ್ಕದ ಮನೆಯ ಸಿನಿಮಾ, ಕೆಂಪು ಪರದೆಯ ಮನೆಯ ಸಿನಿಮಾ, ಹೀಗೆ. ಎಲ್ಲದರಲ್ಲೂ ನನಗೆ ಹಿಡಿಸಿದ್ದು ಮರದ ಮೆಟ್ಟಿಲಿನ ಮನೆಯ ಸಿನಿಮಾ. ದೊಡ್ಡ ಮನೆ, ಯಜಮಾನ ಒಂದು ಬೆಳಿಗ್ಗೆ ಆ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿರುತ್ತಾನೆ. ಮನೆ ತುಂಬ ಜನ, ಎಲ್ಲರ ಮೇಲೂ ಅನುಮಾನ. ಆ ಸೋಮವಾರ ಅಜ್ಜ ಹೇಳಿದ ಪ್ರಕಾರ ಕೊಂದವನು ಕುಟುಂಬದ ವಕೀಲ. ಮೊದಲಿನಿಂದಲೂ ಎಲ್ಲರ ಬೆನ್ನು ತಟ್ಟುತ್ತಾ, ಗಟ್ಟಿಯಾಗಿ ನಗುತ್ತಾ ಓಡಾಡಿಕೊಂಡಿದ್ದವನು. ಅವನ ಕರಿ ಕೋಟನ್ನು ಇನ್‌ಸ್ಪೆಕ್ಟರ್ ಹಿಂದಿನಿಂದ ಹಿಡಿದಾಗ ಅವನು ಕೋಟನ್ನೇ ಬಿಟ್ಟು ಓಡಿದ್ದು, ಮೆಟ್ಟಿಲಲ್ಲಿ ಜಾರಿದ್ದು, ಎಲ್ಲವನ್ನೂ ಅಜ್ಜ ಅಂಗಿ ಬಿಚ್ಚಿ ಓಡಿ ತೋರಿಸಿದ್ದರು.

ಈಗ ಅಜ್ಜ ಹೋಗಿ ಮೂರು ವರ್ಷ. ಕಳೆದ ನವೆಂಬರಿನ ಮಾತು ಹೇಳುತ್ತೇನೆ. ನಮ್ಮ ಕನ್ನಡ ಸಂಘದಲ್ಲಿ ಪ್ರತಿ ನವೆಂಬರಿನಲ್ಲೂ ಗಂಡಸರು ಭಾಷಣ ಮಾಡುತ್ತಾರೆ, ಹೆಂಗಸರು ಉಪ್ಪಿಟ್ಟು ಮಾಡುತ್ತಾರೆ. ಮಹಿಳಾ ವಿಭಾಗದ ಅಧ್ಯಕ್ಷೆ ವಾರಿಜಕ್ಕ, ಉಡುಪಿಯವರು, ಸ್ಟೇಷನ್ ಹತ್ತಿರದ ಹೋಟೆಲಿನವರ ಹೆಂಡತಿ. ಈ ಸಲ ಅವರು ‘ಉಪ್ಪಿಟ್ಟು ಅವರೇ ಮಾಡಿಕೊಳ್ಳಲಿ, ನಾವು ಸಿನಿಮಾ ನೋಡುವ’ ಎಂದುಬಿಟ್ಟರು. ವಿಡಿಯೊ ಬಾಡಿಗೆಗೆ ತಂದು, ಸಂಘದ ಹಾಲಿನಲ್ಲಿ ಮೂರು ರವಿವಾರ ಮಧ್ಯಾಹ್ನ ಮೂರು ರಹಸ್ಯದ ಸಿನಿಮಾ ನೋಡುವುದು, ಆಮೇಲೆ ಕೈ ಎತ್ತಿ ಅದರಲ್ಲಿ ಅತ್ಯುತ್ತಮ ಯಾವುದೆಂದು ತೀರ್ಮಾನಿಸುವುದು. ಆರಿಸಲು ನಾಲ್ಕು ಜನರ ಸಮಿತಿ: ವಾರಿಜಕ್ಕ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು ಈಗ ಕಲ್ಯಾಣದ ಶಾಲೆಯಲ್ಲಿ ಟೀಚರ್ ಆಗಿರುವ ಸರಳಾ, ನಮ್ಮ ಎದುರು ಮನೆಯ ವಿಜಯಪುರದ ಶಾಂತವ್ವ, ಮತ್ತು ನಾನು. ನನ್ನನ್ನು ಯಾಕೆ ಹಾಕಿದರೆಂದರೆ, ಬೇಡ ಎಂದು ಹೇಳಲೂ ನನಗೆ ಬಾಯಿ ಬರುವುದಿಲ್ಲ ಎನ್ನುವುದು ಎಲ್ಲರಿಗೂ ಗೊತ್ತು.

ವಾರಿಜಕ್ಕನ ಮನೆಯಲ್ಲಿ ಸಭೆ. ಮೊದಲು ರಹಸ್ಯದ ಸಿನಿಮಾ ಎಂದರೆ ಯಾವುದು ಎನ್ನುವುದೇ ಇತ್ಯರ್ಥವಾಗಲಿಲ್ಲ.

“ಕೊಲೆ ಇಲ್ಲದಿದ್ರೆ ಎಂಥ ರಹಸ್ಯ ಮಾರಾಯ್ರೆ? ಒಂದಾದ್ರೂ ಹೆಣ ಬೀಳ್ಬೇಕು” ಎಂದರು ವಾರಿಜಕ್ಕ, ನಮ್ಮೆದುರು ಗೋಳಿಬಜೆ ಇಡುತ್ತಾ.

“ಹೆಣ ಬಿದ್ರೆ ಸಾಲಲ್ಲ. ಬೀಳ್ಸಿದ್ದು ಯಾರು ಅಂತ ಕೊನೇವರ್ಗೂ ಗೊತ್ತಾಗ್ಬಾರ್ದು” ಎಂದಳು ಸರಳಾ. “ಮೊದಲ್ನೇ ಸೀನಲ್ಲೇ ವಿಲನ್ ಮೀಸೆ ತಿರುವ್ಕೊಂಡು ಬಂದ್ರೆ ಅದು ಬರೀ ಫೈಟಿಂಗ್ ಸಿನಿಮಾ.”

ಶಾಂತವ್ವನಿಗೆ ಸಿಟ್ಟು ಬಂತು. “ಹೆಣಾನ ಯಾಕ ಬೇಕ್ರಿ? ನಮ್ಮ ಬಿಲ್ಡಿಂಗಿನ್ಯಾಗ ಮುಂಜಾನಿ ಬಾಗಿಲಿಗೆ ಹಾಕಿದ ಹಾಲಿನ ಪಿಶವಿ ಯಾರು ಒಯ್ತಾರ ಅಂತ ಇನ್ನತನಾ ಗೊತ್ತಾಗಿಲ್ಲ. ಅದು ರಹಸ್ಯ ಅಲ್ಲೇನು?”

“ಅದು ರಹಸ್ಯ ಅಲ್ಲ ಶಾಂತವ್ವ, ಅದು ಬೆಕ್ಕು” ಎಂದರು ವಾರಿಜಕ್ಕ.

ದೆವ್ವದ ಸಿನಿಮಾ ಲೆಕ್ಕಕ್ಕೆ ಬರುತ್ತದೆಯೇ ಎನ್ನುವುದು ಮುಂದಿನ ಪ್ರಶ್ನೆ. ಸರಳಾ ಟೀಚರ್ ಅಲ್ಲವೇ, ನೀಟಾಗಿ ಬಿಡಿಸಿದಳು: ಬಿಳಿ ಸೀರೆಯೊಳಗೆ ಕೊನೆಗೂ ದೆವ್ವವೇ ಇದ್ದರೆ ಅದು ದೆವ್ವದ ಸಿನಿಮಾ, ಎಸ್ಟೇಟಿನ ಮ್ಯಾನೇಜರ್ ಇದ್ದರೆ ರಹಸ್ಯದ ಸಿನಿಮಾ. ಶಾಂತವ್ವ ಚಿಕ್ಕಂದಿನಲ್ಲಿ ರೈಲಿನಲ್ಲಿ ಅಗಲಿದ ಅಣ್ಣತಮ್ಮಂದಿರ ಸಿನಿಮಾ ಒಂದು ಬೇಕೇ ಬೇಕು ಎಂದಳು. “ಅವ್ರಿಬ್ರೂ ಅಣ್ಣತಮ್ಮ ಅಂತ ನಮಗೆ ಮೊದ್ಲೇ ಗೊತ್ತಿರುತ್ತಲ್ಲ ರೀ, ಗೊತ್ತಿಲ್ದೆ ಇರೋರು ಅವ್ರು” ಎಂದಳು ಸರಳಾ. “ಅದ ಮತ್ತ! ಏ ಹುಚ್ಚಪ್ಪಾ, ಅಂವ ನಿಮ್ಮಣ್ಣ ಅದಾನ, ಹೊಡೀಬ್ಯಾಡ ಅಂತ ಒದರಬೇಕು ಅನಸತೈತಿ, ಒದರಾಕ ಬರಂಗಿಲ್ಲ. ಮೂರು ತಾಸು ಜೀವ ಹಿಡಕೊಂಡು ಕುಂದ್ರೂದು ಹಗರ ಅಂತ ತಿಳದೀರೇನು?” ಎಂದು ಶಾಂತವ್ವ ಬಜೆ ಮುರಿದಳು. ವಾರಿಜಕ್ಕನಿಗೆ, ಮೂರರಲ್ಲಿ ಒಂದು ಭಕ್ತಿಯ ಸಿನಿಮಾ ಇದ್ದರೆ ಗಂಡಸರ ಬಾಯಿ ಮುಚ್ಚಿಸಬಹುದು ಎಂಬ ಯೋಚನೆ. “ದೇವರು ಯಾವ ವೇಷದಲ್ಲಿ ಬರ್ತಾರೆ ಅಂತ ಕೊನೆವರೆಗೆ ಗೊತ್ತಾಗ್ತದಾ? ಇಲ್ಲ. ಮತ್ತೆ ಅದು ರಹಸ್ಯ ಅಲ್ವಾ?” ಎಂದರು. ಸರಳಾ ನೀರು ಕುಡಿದಳು.

ಆಮೇಲೆ ವಾರಿಜಕ್ಕ ನನ್ನ ಕಡೆ ತಿರುಗಿದರು. “ಪದ್ದಕ್ಕ, ನೀವು ಎಂಥದೂ ಹೇಳುದಿಲ್ವಾ?”

ನಾನು ಊರಿನ ಶಾಲೆಯಲ್ಲಿ ಐದನೆಯ ಕ್ಲಾಸಿನವರೆಗೆ ಕಲಿತವಳು. ಒಮ್ಮೆ ಶಾಲೆಗೆ ಇನ್‌ಸ್ಪೆಕ್ಟರು ಬಂದು ನನ್ನನ್ನೇ ಎಬ್ಬಿಸಿ ಪ್ರಶ್ನೆ ಕೇಳಿದರು. ಉತ್ತರ ಗೊತ್ತಿತ್ತು, ಹೇಳಿಯೂ ಹೇಳಿದೆ. ಅವರು ಸೈಕಲ್ ಹತ್ತಿ ಮುಂದಿನ ಊರಿಗೆ ಹೋದ ಮೇಲೆ. ಅಂದಿನಿಂದ ಇಂದಿನವರೆಗೆ ನನ್ನ ಮಾತುಗಳೆಲ್ಲ ಹೀಗೆ ಜನ ಎದ್ದುಹೋದ ಮೇಲೆ ಬರುತ್ತವೆ. ಆದರೆ ಆ ದಿನ ಏನಾಯಿತೋ, ಗೋಳಿಬಜೆಯ ಬಿಸಿಗೋ ಏನೋ, ಬಾಯಿ ತೆರೆದುಕೊಂಡಿತು. ಮರದ ಮೆಟ್ಟಿಲಿನ ಮನೆಯ ಸಿನಿಮಾವೇ ಎಲ್ಲಕ್ಕಿಂತ ಒಳ್ಳೆಯದು ಎಂದೆ. ಯಾಕೆಂದೂ ಹೇಳಿದೆ: “ನಗು ನಗುತ್ತಾ ಇದ್ದ ಆ ವಕೀಲನೇ ಕೊಲೆಗಾರ ಅಂತ ಯಾರಿಗೂ ಅಂದಾಜಾಗುವುದಿಲ್ಲ, ಅದಕ್ಕೆ.”

ಸರಳಾಳ ಹುಬ್ಬು ಮೇಲೆ ಹೋಯಿತು. “ವಕೀಲನಾ? ಅಲ್ಲ ಪದ್ಮಾವತಿಯವ್ರೇ, ನಾನು ಬೆಂಗಳೂರಲ್ಲಿ ಅದನ್ನ ಎರಡು ಸಲ ನೋಡಿದೀನಿ. ಅದ್ರಲ್ಲಿ ಕೊಲೆ ಮಾಡಿದ್ದು ವಕೀಲ ಅಲ್ಲ. ಅದು...”

“ಹೇಳ್ಬೇಡಿ!” ಎಂದು ವಾರಿಜಕ್ಕ ಎರಡೂ ಕಿವಿ ಮುಚ್ಚಿಕೊಂಡು ಕಿರುಚಿದರು. “ನಾನು ನೋಡಿಲ್ಲ ಅದು. ಎರಡು ಜನ ಎರಡು ರೀತಿ ಹೇಳ್ತೀರಿ ಅಂದ್ಮೇಲೆ ಅದನ್ನೇ ತರುವ. ಮೂರನೇ ರವಿವಾರ. ಟೇಪೇ ಹೇಳ್ತದೆ.”

“ನಮ್ಮವರು ಹೇಳಿದ್ದು” ಎಂದೆ ನಾನು. ಅದು ಯಾರಿಗೂ ಕೇಳಿಸಲಿಲ್ಲ.

ಆ ಮೂರು ವಾರ ನನಗೆ ಸಮಾಧಾನವಿಲ್ಲ. ನೀವಿಬ್ಬರೂ ಆಗ ‘ಅಜ್ಜಿ ಗುಮ್ ಆಗಿದ್ದಾಳೆ’ ಎಂದು ನಿಮ್ಮ ಅಮ್ಮನಿಗೆ ಚಾಡಿ ಹೇಳುತ್ತಿದ್ದಿರಿ. ಗುಮ್ ಆಗದೆ ಏನು ಮಾಡಲಿ? ಸರಳಾಳದ್ದು ತಪ್ಪಿರಬೇಕು ಎಂದುಕೊಂಡರೆ, ಎರಡು ಸಲ ನೋಡಿದ್ದಾಳೆ. ಅಜ್ಜನಿಗೆ ಆಫೀಸಿನವರು ತಪ್ಪು ಹೇಳಿರಬೇಕು ಎಂದುಕೊಂಡರೆ, ಕೋಟು ಬಿಟ್ಟು ಓಡಿದ್ದನ್ನೂ ಮೆಟ್ಟಿಲಲ್ಲಿ ಜಾರಿದ್ದನ್ನೂ ಅಷ್ಟು ಚಂದವಾಗಿ ಯಾರಾದರೂ ತಪ್ಪು ಹೇಳುತ್ತಾರೆಯೇ? ಉಳಿದದ್ದು ಒಂದೇ: ಅಜ್ಜ ನನಗೆ ಸುಳ್ಳು ಹೇಳಿದ್ದರು. ಇದೊಂದು ಸುಳ್ಳಾದರೆ ಉಳಿದ ಇಪ್ಪತ್ತೊಂಬತ್ತರ ಗತಿಯೇನು? ಆ ಡಾಕ್ಟರು, ಆ ಮ್ಯಾನೇಜರು? ಅಜ್ಜನದ್ದು ಎಂದು ನನ್ನ ಹತ್ತಿರ ಉಳಿದಿದ್ದುದೇನು? ಒಂದು ಗಡಿಯಾರ, ಎರಡು ಅಂಗಿ, ಮೂವತ್ತು ಸೋಮವಾರ. ಗಡಿಯಾರವನ್ನು ನಿಮ್ಮ ಅಪ್ಪನಿಗೆ ಕೊಟ್ಟೆ. ಸೋಮವಾರಗಳನ್ನು ಒಂದು ಬಾಡಿಗೆ ಟೇಪಿಗೆ ಒಪ್ಪಿಸಬೇಕಲ್ಲ ಎಂದು ಸಂಕಟವಾಯಿತು. ಕೇಳೋಣವೆಂದರೆ ಅವರಿಲ್ಲ, ಇದ್ದಾಗ ಕೇಳಬೇಕೆಂದು ತೋಚಲೇ ಇಲ್ಲ. ಮೊದಲ ಎರಡು ರವಿವಾರ ಏನು ನೋಡಿದೆನೋ ದೇವರೇ ಬಲ್ಲ. ಒಂದರಲ್ಲಿ ದೇವರು ಕುರುಬನ ವೇಷದಲ್ಲಿ ಬಂದಿದ್ದ, ವಾರಿಜಕ್ಕ ಸಾಧಿಸಿದ್ದರು.

ಮೂರನೆಯ ರವಿವಾರ ನೀವಿಬ್ಬರೂ ನನ್ನ ಜೊತೆ ಬಂದು ಚಾಪೆಯ ಮೇಲೆ ಮುಂದೆ ಕೂತಿರಿ. ಮೇಜಿನ ಮೇಲೆ ಮೇಜು ಇಟ್ಟು ಅದರ ಮೇಲೆ ಟಿವಿ. ನನ್ನ ಪಕ್ಕಕ್ಕೆ ಶಾಂತವ್ವ. ಅವಳ ವಿಷಯ ನಿಮಗೆ ಗೊತ್ತಿರುವುದು ಸ್ವಲ್ಪ. ಗಂಡ ತೀರಿಹೋದ ಮೇಲೆ ತಮ್ಮನ ಮನೆಗೆ ಬಂದವಳು. ತಮ್ಮ ಉಲ್ಹಾಸನಗರದ ಗೋದಾಮೊಂದರಲ್ಲಿ ಹಮಾಲರ ಮುಕಾದಮ, ಎಂದರೆ ಮೇಸ್ತ್ರಿ. ಆ ಮನೆಯ ರೊಟ್ಟಿ, ನೀರು, ಮಕ್ಕಳ ಶಾಲೆಯ ಡಬ್ಬಿ ಎಲ್ಲ ಇವಳದೇ. ಹೊರಗೆ ಎಷ್ಟು ಜೋರೋ ಆ ಹೊಸಿಲು ದಾಟಿದರೆ ಅಷ್ಟೇ ಮೌನ. ತಮ್ಮನ ಹೆಂಡತಿ ಅವಳನ್ನು ಬೈದದ್ದನ್ನು ನಾನು ಕೇಳಿಲ್ಲ, ಕೂತ್ಕೋ ಎಂದದ್ದನ್ನೂ ಕೇಳಿಲ್ಲ.

ಸಿನಿಮಾ ಶುರುವಾಯಿತು. ನನ್ನ ಮೆಟ್ಟಿಲು ಬಂತು, ನನ್ನ ವಕೀಲ ಬಂದ, ನಕ್ಕ. ಜೊತೆಗೆ ನಾನು ಮರೆತೇಬಿಟ್ಟಿದ್ದ ಒಬ್ಬಳು ಬಂದಳು. ಸತ್ತ ಯಜಮಾನನ ವಿಧವೆ ಅತ್ತಿಗೆ. ಆ ಮನೆಯಲ್ಲಿ ಅವಳು ಮಾತೇ ಆಡುವುದಿಲ್ಲ. ಬಂದವರಿಗೆಲ್ಲ ಚಹಾ ತಂದು ಕೊಡುತ್ತಾಳೆ, ಬಾಗಿಲ ಮರೆಯಲ್ಲಿ ನಿಲ್ಲುತ್ತಾಳೆ, ಯಾರೂ ಅವಳ ಕಡೆ ನೋಡುವುದಿಲ್ಲ. ಶಾಂತವ್ವ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು: “ಈಕಿ ನನ್ನಂಗ ಅದಾಳ ನೋಡ್ರಿ ಅಕ್ಕಾರ. ಪಾಪ, ಈಕಿ ಮ್ಯಾಲೆ ಯಾರರ ಹಾಕ್ಯಾರು ಅಂತ ನನಗ ಅಂಜಿಕಿ.”

ಆಗ ನನಗೆ ಠಾಣೆಯ ಪ್ಲಾ‌ಟ್‌ಫಾರ್ಮ್ ನೆನಪಾಯಿತು. ಇದೇ ಸಿನಿಮಾದಿಂದ ಎದ್ದು ಬಂದಿದ್ದೆವು, ಲೋಕಲ್ ಇನ್ನೂ ಬಂದಿರಲಿಲ್ಲ. ನಾನು ಅಜ್ಜನಿಗೆ ಹೇಳಿದ್ದೆ, ಹೆಚ್ಚು ಕಡಿಮೆ ಇದೇ ಮಾತು: ‘ಆ ಅತ್ತಿಗೆ ನನ್ನ ಹಾಗೇ ಅಲ್ಲವಾ? ಪಾಪ, ಯಾರ ಎದುರೂ ಬಾಯಿ ತೆರೆಯುವುದಿಲ್ಲ. ಅವಳಿಗೊಂದು ಏನೂ ಆಗದಿದ್ದರೆ ಸಾಕಿತ್ತು.’ ಅಜ್ಜ ಗಾಡಿ ಬರುವ ದಿಕ್ಕಿಗೆ ನೋಡಿದ್ದರು.

ಐದು ಗಂಟೆ ಹತ್ತಿರ ಬಂತು. ನಮ್ಮ ಬಿಲ್ಡಿಂಗಿನಲ್ಲಿ ನಳಕ್ಕೆ ನೀರು ಬರುವುದೇ ಐದಕ್ಕೆ. ಮುಕ್ಕಾಲು ತಾಸು ಬಂದು ನಿಲ್ಲುತ್ತದೆ. ಎಲ್ಲರೂ ಹೊರಗಿದ್ದರೆ ಮಹಡಿಗೊಬ್ಬಳು ಹೋಗಿ ಉಳಿದವರ ಕೊಡಗಳನ್ನೂ ತುಂಬಿಸುವುದು ವಾಡಿಕೆ. ಆ ದಿನ ಶಾಂತವ್ವನ ಪಾಳಿ. ಟಿವಿಯಲ್ಲಿ ಪೊಲೀಸ್ ಜೀಪು ಮನೆಯ ಕಡೆ ತಿರುಗಿತು. “ನೀನು ಕೂತ್ಕೋ ಶಾಂತವ್ವ, ನೀರಿಗೆ ನಾನು ಹೋಗ್ತೇನೆ” ಎಂದು ನಾನೇ ಎದ್ದೆ. ತಿಳಿಯದೆ ಇರುವುದು ನನಗೆ ಅಭ್ಯಾಸವಾಗಿತ್ತಲ್ಲ. ಅವಳು ನನ್ನ ಭುಜ ಒತ್ತಿ ಕೂರಿಸಿದಳು. “ಕೂಡ್ರಿ ಅಕ್ಕಾರ. ನಿಮ್ಮ ವಕೀಲನ್ನ ನೀವ ಹಿಡಕೊಂಡು ಬರ್ರಿ. ನಿಮ್ಮ ಕೊಡಾನೂ ನಾನ ತುಂಬತೀನಿ. ಆದ್ರ ಎಲ್ಲಾ ಬಿಡಿಸಿ ಹೇಳಬೇಕ್ರಿ ಮತ್ತ!”

ನನ್ನ ಆ ಮೂವತ್ತರಲ್ಲಿ ಒಂದರ ಕೊನೆಗೆ ಮೊದಲ ಸಲ ಕೂತಿದ್ದೆ. ಎಲ್ಲರೂ ಹಜಾರದಲ್ಲಿ ಸೇರಿದ್ದಾರೆ. ಇನ್‌ಸ್ಪೆಕ್ಟರ್ ವಕೀಲನ ಕಡೆ ನಡೆಯುತ್ತಾನೆ. ಅವನ ಹತ್ತಿರ ಬೆಂಕಿಪೆಟ್ಟಿಗೆ ಕೇಳಿ ಹಿಂದೆ ಬಂದ. ಆಗ ಅತ್ತಿಗೆ ತಟ್ಟೆಯಲ್ಲಿ ಚಹಾ ತಂದಳು. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮೂರು ತಾಸಿನಲ್ಲಿ ಮೊದಲ ಬಾರಿ ಬಾಯಿ ತೆರೆದಳು. ‘ನಾನೇ’ ಎಂದಳು. ಆಮೇಲೆ ಐದು ನಿಮಿಷ ಅವಳೊಬ್ಬಳೇ ಮಾತಾಡಿದಳು. ಇಪ್ಪತ್ತು ವರ್ಷ ಆ ಮನೆಯಲ್ಲಿ ಅವಳಿಗೆ ಏನೇನಾಯಿತೆಂದು. ಅವಳನ್ನು ಜೀಪಿಗೆ ಹತ್ತಿಸಿದರು, ಟೇಪು ಮುಗಿಯಿತು.

“ಅಯ್ಯೋ ಪದ್ದಕ್ಕ, ನಿಮ್ಮ ವಕೀಲ ಪಾಪ, ಬರೇ ಸಿಗರೇಟು ಸೇದ್ಲಿಕ್ಕೆ ಬಂದದ್ದು ಮಾರಾಯ್ರೆ!” ಎಂದರು ವಾರಿಜಕ್ಕ. ಎಲ್ಲರೂ ನಕ್ಕರು. ಸರಳಾ ನಗಲಿಲ್ಲ, ನನ್ನ ಕೈ ಮೇಲೆ ಕೈ ಇಟ್ಟಳು. ನಾನು ಅಳುತ್ತಿದ್ದೆನಂತೆ. ಸೋತದ್ದಕ್ಕೆ ಎಂದು ಅವಳು ತಿಳಿದಿರಬೇಕು. ನನಗೆ ಕಾಣುತ್ತಿದ್ದುದು ಬೇರೆ. ಸೋಮವಾರ ಸಂಜೆ ಆಫೀಸಿನಿಂದ ಬರುವಾಗ ಲೋಕಲಿನಲ್ಲಿ ನೇತಾಡುತ್ತಾ, ಆ ಬಾಯಿಲ್ಲದವಳನ್ನು ಬಿಡಿಸುವುದು ಹೇಗೆ, ಬದಲಿಗೆ ಯಾರನ್ನು ಹಿಡಿಸುವುದು, ಕೋಟು ಬಿಡಿಸಿ ಓಡಿಸಿದರೆ ಹೇಗೆ ಎಂದು ಯೋಚಿಸುತ್ತಾ ನಿಂತ ಒಬ್ಬ ಗುಮಾಸ್ತರು.

ಮನೆಗೆ ಬಂದರೆ ಶಾಂತವ್ವ ಮೆಟ್ಟಿಲಲ್ಲೇ ಕಾದಿದ್ದಳು. ಸೀರೆಯ ಅಂಚು ಒದ್ದೆ, ನನ್ನ ಬಾಗಿಲಲ್ಲಿ ನನ್ನ ಎರಡು ಕೊಡ ತುಂಬಿ ನಿಂತಿದ್ದವು. “ಲಗೂನ ಹೇಳ್ರಿ ಅಕ್ಕಾರ. ನಳದ ಮುಂದ ನಿಂತು ಅದನ್ನ ವಿಚಾರ ಮಾಡಾಕತ್ತಿದ್ದೆ, ಒಂದು ಕೊಡ ತುಂಬಿ ಹರದರೂ ಖಬರ ಇಲ್ಲ. ಆ ಬಡವಿ ಪಾರಾದ್ಲೋ ಇಲ್ಲೋ?”

ದೇವರಾಣೆ, ನಾನು ನಿಜ ಹೇಳಬೇಕೆಂದೇ ಬಾಯಿ ತೆರೆದೆ. “ಪಾರಾದಳು” ಎಂದು ಬಂತು. “ವಕೀಲನೇ.”

“ನಾ ಹೇಳಿರಲಿಲ್ಲೇನು!” ಎಂದು ಅವಳು ಹಿಗ್ಗಿದ ಹಿಗ್ಗಿಗೆ ನಾನು ಅಲ್ಲಿಗೇ ನಿಲ್ಲಿಸಲಾಗಲಿಲ್ಲ. ಇನ್‌ಸ್ಪೆಕ್ಟರ್ ಕೋಟು ಹಿಡಿದದ್ದು, ಅವನು ಕೋಟು ಬಿಟ್ಟು ಓಡಿದ್ದು, ಮೆಟ್ಟಿಲಲ್ಲಿ ಜಾರಿದ್ದು, ಎಲ್ಲವನ್ನೂ ನಾಲ್ಕು ಮೆಟ್ಟಿಲು ಹತ್ತಿ ಇಳಿದು ತೋರಿಸಿದೆ. ಮೇಲಿನ ಮಹಡಿಯ ಮರಾಠಿ ಅಜ್ಜ ಬಾಗಿಲು ತೆರೆದು ನೋಡಿ ಮತ್ತೆ ಮುಚ್ಚಿಕೊಂಡರು. ಶ್ವೇತಾ, ನೀನು ‘ಅಜ್ಜೀ, ಪಣ್...’ ಎಂದು ನಿನ್ನ ಮರಾಠಿ ‘ಆದರೆ’ಯನ್ನು ಶುರುಮಾಡಿದೆ. ನಾನು ನಿನ್ನ ಕಾಲು ತುಳಿದೆ. ಬಹಳ ನೋವಾಯಿತು ಎಂದು ಆಮೇಲೆ ಹೇಳಿದೆ. ಅದಕ್ಕೆ ಇಲ್ಲಿ ಕ್ಷಮೆ ಕೇಳುತ್ತೇನೆ.

ಊಟಕ್ಕೆ ಕೂತಾಗ ಪ್ರಣವ ಅಪ್ಪನ ಹತ್ತಿರ ದೂರು ಕೊಟ್ಟ: “ಪಪ್ಪಾ, ಅಜ್ಜಿ ಝೂಟ್ ಬೋಲೀ. ಖೂನ್ ತೋ ಆ ಚಹಾ ಕೊಡೋ ಬಾಯಿ ಮಾಡಿದ್ದು.” ನಿಮ್ಮ ಅಪ್ಪ ತಲೆ ಎತ್ತದೆ, “ಹೌದು, ಆ ಅತ್ತಿಗೆ” ಎಂದ. ನಾನು ಸೌಟು ಹಿಡಿದುಕೊಂಡೇ ನಿಂತೆ. ನಿನಗೆ ಹೇಗೆ ಗೊತ್ತು ಎಂದೆ. “ಅಪ್ಪ ಹೇಳಿದ್ರಲ್ಲ, ಆಗ್ಲೇ. ನಿಂಗೆ ಮಾತ್ರ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡಿದ್ರು. ಹೆಣ ಆಗ್ಲಿಕ್ಕೆ ನಂಗೆ ಎರಡು ಪೆಪ್ಪರಮೆಂಟು ಕೊಡ್ತಿದ್ರು, ಸುಮ್ಮನಿರ್ಲಿಕ್ಕೆ ಇನ್ನೆರಡು” ಎಂದ. ಎಂಟು ವರ್ಷದ ಹುಡುಗ ಹಾಕಿದ ಆಣೆಯನ್ನು ಎರಡು ಮಕ್ಕಳ ತಂದೆಯಾದ ಮೇಲೂ ಕಾದುಕೊಂಡಿದ್ದ.

ಸುಳ್ಳು ಹೇಳುವುದು ಸುಲಭ, ಸಾಕುವುದು ಕಷ್ಟ. ಆ ಹಾಲಿನಲ್ಲಿ ಕೊನೆಯವರೆಗೆ ಕೂತಿದ್ದವರು ನಾನೂ ನೀವಿಬ್ಬರೂ ಅಲ್ಲದೆ ಹನ್ನೊಂದು ಜನ. ಬುಧವಾರ ಕೈ ಎತ್ತುವ ಸಭೆ. ಅಲ್ಲಿ ಯಾರಾದರೂ ಬಾಯಿಬಿಟ್ಟರೆ ಶಾಂತವ್ವನ ಗತಿ? ಮತ್ತೊಬ್ಬರ ಮನೆಯ ಬೆಲ್ಲು ಒತ್ತುವ ಮೊದಲು ಮೂರು ಸಲ ಹಿಂದೆ ಬರುವ ನಾನು, ಸೋಮವಾರ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊರಟೆ. ಹನ್ನೊಂದು ಮನೆ. ಪ್ರತಿ ಮನೆಯಲ್ಲೂ ಚಹಾ. ಪ್ರತಿ ಮನೆಯಲ್ಲೂ ಅದೇ ಮಾತು: ಶಾಂತವ್ವನಿಗೆ ವಕೀಲ ಎಂದು ಹೇಳಿದ್ದೇನೆ, ದಯಮಾಡಿ ಹಾಗೇ ಇರಲಿ.

“ಎಂಥದಕ್ಕೆ?” ಎಂದರು ವಾರಿಜಕ್ಕ.

“ಅವಳಿಗೆ ಆ ಅತ್ತಿಗೆಯನ್ನು ಕಂಡರೆ... ತನ್ನ ಹಾಗೆ ಎಂದಳು” ಎಂದೆ.

ವಾರಿಜಕ್ಕ ನನ್ನ ಲೋಟಕ್ಕೆ ಇನ್ನಷ್ಟು ಚಹಾ ಹಾಕಿದರು. “ಆಯ್ತು ಪದ್ದಕ್ಕ. ವಕೀಲನೇ. ಆದ್ರೆ ಅವನನ್ನು ಹಿಡಿದದ್ದು ಹೇಗೆ ಅಂತ ಸರಿಯಾಗಿ ಹೇಳಿ ಹೋಗಿ. ಮಾತು ಬಂದ್ರೆ ಎಲ್ಲರೂ ಒಂದೇ ಹೇಳ್ಬೇಕಲ್ಲ” ಎಂದರು. ಅವರ ಹಜಾರದಲ್ಲೂ ಕೋಟು ಬಿಡಿಸಿ ಓಡಿ ತೋರಿಸಿ ಬಂದೆ.

ಸರಳಾಳ ಮನೆಗೆ ಹೋಗುವಾಗಲೇ ನನಗೆ ಹೆದರಿಕೆ. ಅವಳು ಎಲ್ಲ ಕೇಳಿ, “ನನಗೆ ಸುಳ್ಳು ಹೇಳೋಕೆ ಬರಲ್ಲ ಪದ್ಮಾವತಿಯವ್ರೇ” ಎಂದಳು. ನಾನು ಎದ್ದೆ. ಬಾಗಿಲವರೆಗೆ ಬಂದು, “ಸುಮ್ನಿರೋಕೆ ಬರುತ್ತೆ” ಎಂದಳು.

ಬುಧವಾರ ಸಭೆಯಲ್ಲಿ ಮೊದಲು ಎದ್ದವಳು ಶಾಂತವ್ವನೇ. “ನೋಡ್ರಿ, ಅಷ್ಟು ನಗೂ ಮನಷ್ಯಾನ ಮ್ಯಾಲೆ ಯಾರಿಗಾರ ಸಂಶಯ ಬರತೈತೇನ್ರಿ? ಎಲ್ಲಾರೂ ಬಾಯಿಲ್ಲದಾಕಿ ಮ್ಯಾಲೆ ಹಾಕಾಕ ನೋಡಿದ್ರು. ಕಡೀಕ ಖರೇ ಹೊರಗ ಬಂತು. ನೀವು ಏನರ ಅನ್ರಿ, ರಹಸ್ಯದ ಸಿನಿಮಾ ಅಂದ್ರ ಅದ” ಎಂದಳು. ವಾರಿಜಕ್ಕ ಗೋಳಿಬಜೆಯ ತಟ್ಟೆಯನ್ನು ಅವಳ ಮುಂದೆ ಸರಿಸಿದರು. ಸರಳಾ ಫ್ಯಾನು ನೋಡುತ್ತಾ ಎಲ್ಲರಿಗಿಂತ ಮೊದಲು ಕೈ ಎತ್ತಿದಳು. ಆಮೇಲೆ ಎಲ್ಲ ಕೈಗಳೂ ಮೇಲೆ ಹೋದವು. ಭಕ್ತಿಯ ಸಿನಿಮಾಕ್ಕೆ ವಾರಿಜಕ್ಕನ ಕೈಯೂ ಸಿಗಲಿಲ್ಲ.

ಆ ದಿನ ಮನೆಗೆ ಬರುತ್ತಾ ನಾನು ನನ್ನ ಬಗ್ಗೆ ಬಹಳ ಹೆಮ್ಮೆ ಪಟ್ಟುಕೊಂಡೆ. ಹನ್ನೊಂದು ಮನೆ ಹತ್ತಿ ಇಳಿದ ಪದ್ಮಾವತಿ! ಅಷ್ಟರಲ್ಲಿ ಒಂದು ವಿಷಯ ಹೊಳೆದು ದಾರಿಯಲ್ಲೇ ನಿಂತೆ. ಠಾಣೆಯ ಆ ಆಫೀಸಿನವರ ಹೆಂಡತಿಯರು ನಮ್ಮ ಮನೆಗೆ ಎಷ್ಟೋ ಸಲ ಬಂದಿದ್ದಾರೆ, ಸತ್ಯನಾರಾಯಣ ಪೂಜೆಗೆ, ಅರಸಿನ ಕುಂಕುಮಕ್ಕೆ. ಕೊನೆಯವರೆಗೂ ಕೂತು ನೋಡುವ ಪುಣ್ಯವಂತೆಯರು. ಸಿನಿಮಾದ ಮಾತು ಬಂದರೆ ಸಾಕು, ಒಬ್ಬರು ಮಳೆ ಅನ್ನುವರು, ಇನ್ನೊಬ್ಬರು ನನ್ನ ಸೀರೆಯ ಬಣ್ಣ ಚಂದ ಅನ್ನುವರು. ನಾನು ಸಂಕೋಚದವಳು, ಹಳ್ಳಿಯವಳು, ನನಗೇನು ತಿಳಿಯುತ್ತದೆ ಎಂದು ನನ್ನ ಹತ್ತಿರ ಮಾತಾಡುವುದಿಲ್ಲ ಎಂದುಕೊಂಡು ಎಷ್ಟು ವರ್ಷ ಮನಸ್ಸಿನಲ್ಲೇ ಮುನಿಸು ಇಟ್ಟುಕೊಂಡಿದ್ದೆ! ಅವರ ಮನೆಗಳಿಗೆ ಅಜ್ಜ ಎಷ್ಟು ಸಲ ಹೋಗಿ, ಎಷ್ಟು ಚಹಾ ಕುಡಿದು, ಎಷ್ಟು ಡಾಕ್ಟರುಗಳ ಬಗ್ಗೆ ಬಾಯಿಬಿಡುವುದಿಲ್ಲವೆಂದು ಮಾತು ತೆಗೆದುಕೊಂಡು ಬಂದಿದ್ದರೋ. ನನ್ನಷ್ಟೇ ಸಂಕೋಚದ ಮನುಷ್ಯ.

ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಶ್ವೇತಾಳಿಗೆ ಕನ್ನಡ ಕೂಡಿಸಿ ಓದಲು ಬರುತ್ತದೆ, ಪ್ರಣವನಿಗೆ ಒತ್ತಕ್ಷರ ಬಂದರೆ ಕಣ್ಣಲ್ಲಿ ನೀರು. ನಡುವೆ ತಡವರಿಸಿದರೆ ಅಪ್ಪ ಬರುವವರೆಗೆ ಕಾಯಿರಿ. ಅವಸರವಾಯಿತೆಂದು ಇವನ್ನು ಹಿಡಿದುಕೊಂಡು ಎದುರು ಮನೆಗೆ ಮಾತ್ರ ಓಡಬೇಡಿ. ಶಾಂತವ್ವ ನಮ್ಮೆಲ್ಲರಿಗಿಂತ ಚೆನ್ನಾಗಿ ಓದುತ್ತಾಳೆ, ಅದೂ ಗಟ್ಟಿಯಾಗಿ.